ಕೋಠಿಯಿಂದ ಒಂದು ಹಗಲಿನ ದಾರಿ



ಹೈದರಾಬಾದಿನ ಕನ್ನಡದ ಮನೆಗಳಲ್ಲಿ ಎರಡು ದಿನ ರಜೆ ಒಟ್ಟಿಗೆ ಬಂತೆಂದರೆ ಮೊದಲು ಕೇಳಿಬರುವ ಮಾತು, "ಊರಿಗೆ ಹೋಗಿ ಬರೋಣೇನು?" ಊರೆಂದರೆ ಬೀದರ, ಕಲಬುರಗಿ, ರಾಯಚೂರು, ಯಾದಗಿರಿ. ಶನಿವಾರ ಸಂಜೆ ಇಮ್ಲಿಬನ್ ಬಸ್ ನಿಲ್ದಾಣದಲ್ಲಿ ನಿಂತರೆ ಕಿವಿಗೆ ಕನ್ನಡ ಬೀಳುತ್ತಲೇ ಇರುತ್ತದೆ. ಊರಿನ ನಂಟು ಬಿಡುವಂಥದ್ದಲ್ಲ, ಬಿಡಲೂ ಬಾರದು. ಆದರೆ ಭಾನುವಾರ ಒಂದೇ ದಿನ ಬಿಡುವು ಇದ್ದವರು ಏನು ಮಾಡಬೇಕು? ಮಕ್ಕಳನ್ನು ಕರೆದುಕೊಂಡು ಮಾಲ್‌ಗೆ ಹೋಗುತ್ತಾರೆ, ಇಲ್ಲವೇ ಊರಾಚೆಯ ರೆಸಾರ್ಟಿಗೆ ದುಡ್ಡು ಕಟ್ಟುತ್ತಾರೆ. ನಾನು ಇವತ್ತು ಹೇಳಬೇಕೆಂದಿರುವುದು ಬೇರೆ ದಾರಿ. ಬೆಳಿಗ್ಗೆ ಕೋಠಿಯಿಂದ ಹೊರಟು ರಾತ್ರಿ ಮನೆ ಸೇರುವಷ್ಟು ದೂರದೊಳಗೆ ಕನ್ನಡದ ಬಹಳ ಹಳೆಯ, ಬಹಳ ದೊಡ್ಡ ನೆಲೆಗಳಿವೆ. ಆದಿಕವಿ ಪಂಪ ಬಾಳಿದ ರಾಜಧಾನಿ ಇದೆ. ಕಲ್ಯಾಣದ ಚಾಲುಕ್ಯರು ಕಾದಾಡಿ ಉಳಿಸಿಕೊಂಡ ಪಟ್ಟಣವಿದೆ. ಬಾದಾಮಿಯವರು ಕಟ್ಟಿಸಿದ ಗುಡಿಗಳ ಊರಿದೆ. ಇವ್ಯಾವುವೂ ಇಂದಿನ ಕರ್ನಾಟಕದ ನಕ್ಷೆಯೊಳಗಿಲ್ಲ. ಹೀಗಾಗಿ ಅಲ್ಲಿರುವವರಿಗೆ ಇವು ದೂರ. ಇಲ್ಲಿರುವ ನಮಗೆ ಒಂದು ಹಗಲಿನ ದಾರಿ.

ನಾನು ಕೋಠಿಯ ಹತ್ತಿರ ಇರುವವಳು. ಒಂದು ಕಡೆ ಸುಲ್ತಾನ್ ಬಜಾರ್, ಬಡೀ ಚೌಡಿ. ಇನ್ನೊಂದು ಕಡೆ ಬ್ಯಾಂಕ್ ಸ್ಟ್ರೀಟ್, ಟ್ರೂಪ್ ಬಜಾರ್. ತುಸು ಮುಂದೆ ನಡೆದರೆ ಕಾಚಿಗೂಡ. ಈ ಭಾಗಕ್ಕೂ ಕನ್ನಡಿಗರಿಗೂ ಬಹಳ ದಿನಗಳ ಸಂಬಂಧ. 1956ರ ನವೆಂಬರ್ 1ರವರೆಗೆ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಿಗೆ ರಾಜಧಾನಿ ಹೈದರಾಬಾದೇ ಆಗಿತ್ತು. ಕಾಲೇಜು ಓದಲು, ಕೋರ್ಟಿನ ಕೆಲಸಕ್ಕೆ, ದೊಡ್ಡ ದವಾಖಾನೆಗೆ ಜನ ಇಲ್ಲಿಗೇ ಬರಬೇಕಿತ್ತು. ಹಾಗೆ ಬಂದವರಲ್ಲಿ ಅನೇಕರು ಇಲ್ಲೇ ನಿಂತರು. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಅವರ ದುಡಿಮೆಯ ಫಲ. ನೃಪತುಂಗನ ಹೆಸರಿನ ಶಾಲೆಯೊಂದು ಹೈದರಾಬಾದಿನ ನಡುವೆ ಇದೆಯೆಂದು ಹೇಳಿದರೆ ಬೆಂಗಳೂರಿನ ನನ್ನ ನೆಂಟರು ಇಂದಿಗೂ ಹುಬ್ಬೇರಿಸುತ್ತಾರೆ.

ಮೊದಲ ಪ್ರವಾಸಕ್ಕೆ ಬಸ್ಸೂ ಬೇಡ. ಈಗ ವಿಶ್ವವಿದ್ಯಾಲಯವಾಗಿರುವ ಕೋಠಿಯ ಮಹಿಳಾ ಕಾಲೇಜಿನ ಒಳಗಿರುವ ಹಳೆಯ ಬ್ರಿಟಿಷ್ ರೆಸಿಡೆನ್ಸಿಯೇ ಸಾಕು. ರೆಸಿಡೆಂಟ್ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ 1803ರ ಸುಮಾರಿಗೆ ಕಟ್ಟಿಸಲು ತೊಡಗಿದ ಬಂಗಲೆ ಅದು. ಎದುರಿಗೆ ಎತ್ತರದ ಕಂಬಗಳ ಸಾಲು, ಮೆಟ್ಟಿಲ ಎರಡೂ ಬದಿಗೆ ಸಿಂಹಗಳು, ಒಳಗೆ ದರ್ಬಾರು ಹಾಲ್. ಬೀಳುವ ಸ್ಥಿತಿಗೆ ಬಂದಿದ್ದ ಕಟ್ಟಡವನ್ನು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಕೈಜೋಡಿಸಿದ ಮೇಲೆ ಜೀರ್ಣೋದ್ಧಾರ ಮಾಡಿದ್ದಾರೆ. ಕರ್ಕ್‌ಪ್ಯಾಟ್ರಿಕ್ ಮತ್ತು ಖೈರುನ್ನಿಸಾ ಬೇಗಂ ಅವರ ಪ್ರೇಮದ ಕಥೆಯನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ಸುರಪುರದ ಕಥೆಯನ್ನು ಹೇಳುವವರು ಕಡಿಮೆ. ನಾನಂತೂ ಅಲ್ಲಿ ಹೋದಾಗಲೆಲ್ಲ ಮಕ್ಕಳಿಗೆ ಅದನ್ನೇ ಹೇಳುತ್ತೇನೆ. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ಮೇಲೆ ಬಿದ್ದು, ಸೋತು, ಹೈದರಾಬಾದಿಗೆ ಬಂದರು. ಇಲ್ಲಿ ಸಿಕ್ಕಿಬಿದ್ದರು. ನಿಜಾಮರ ದಿವಾನ್ ಸಾಲಾರ್ ಜಂಗ್ ಅವರನ್ನು ರೆಸಿಡೆಂಟರ ವಶಕ್ಕೆ ಕೊಟ್ಟ. ಅವರನ್ನು ಹುಡುಗನಾಗಿದ್ದಾಗಿನಿಂದ ಬಲ್ಲ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಬಂದು ಸೆರೆಯಲ್ಲಿ ಕಂಡ. ಮರಣದಂಡನೆ ತಪ್ಪಿ ಕಾರಾಗೃಹವಾಸವೇನೋ ಆಯಿತು. ಆದರೆ ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲೇ ಗುಂಡೇಟಿನಿಂದ ಪ್ರಾಣ ಹೋಯಿತು. ಇನ್ನೂ ಇಪ್ಪತ್ತೈದರ ಆಸುಪಾಸಿನ ವಯಸ್ಸು. ಆ ಬಂಗಲೆಯ ಕಂಬಗಳನ್ನು ನೋಡುವಾಗ ಒಬ್ಬ ಕನ್ನಡದ ಅರಸನ ಹಣೆಬರಹ ಬರೆದ ಅಧಿಕಾರದ ಮನೆ ಇದು ಎಂದು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಇನ್ನು ಊರು ಬಿಟ್ಟು ಹೊರಡುವ ಮಾತು. ನಾವು ನಾಲ್ಕೈದು ಮನೆಯವರು ಸೇರಿ ಹೋಗುವ ರೂಢಿ. ಕಾರಿಗಿಂತ ಬಸ್ಸು, ರೈಲನ್ನೇ ನೆಚ್ಚಿಕೊಂಡಿದ್ದೇವೆ. ಕಾರಿನಲ್ಲಿ ಕೂತರೆ ಮಕ್ಕಳು ಮೊಬೈಲಿನಲ್ಲಿ ಮುಳುಗುತ್ತಾರೆ, ಗಂಡಸರು ದಾರಿಯ ಮೇಲೆ ಕಣ್ಣಿಟ್ಟು ಕೂರುತ್ತಾರೆ, ಯಾರಿಗೂ ಯಾರೊಂದಿಗೂ ಮಾತಿಲ್ಲ. ಬಸ್ಸಿನಲ್ಲಿ ಪಕ್ಕದವರು ನೀವು ಎಲ್ಲಿಯವರು ಎಂದು ಕೇಳಿಯೇ ಕೇಳುತ್ತಾರೆ. 2023ರ ಡಿಸೆಂಬರಿನಿಂದ ತೆಲಂಗಾಣದ ಹೆಣ್ಣುಮಕ್ಕಳಿಗೆ ಪಲ್ಲೆವೆಲುಗು, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ ಇಲ್ಲ, ಆಧಾರ್ ಕಾರ್ಡು ತೋರಿಸಿದರೆ ಸಾಕು. ಇದರಿಂದ ನಮ್ಮ ತಿರುಗಾಟದ ಲೆಕ್ಕವೇ ಬದಲಾಯಿತು. ಮೊದಲೆಲ್ಲ ಮನೆಯ ಖರ್ಚು ನೋಡಿ ಹಿಂದೆ ಸರಿಯುತ್ತಿದ್ದ ಹೆಂಗಸರು, ಅತ್ತೆಯಂದಿರು, ಮಗಳ ಮನೆಗೆ ಬಂದ ತಾಯಂದಿರು ಈಗ ತಾವಾಗಿಯೇ ಬುತ್ತಿ ಕಟ್ಟಿಕೊಂಡು ಸಿದ್ಧರಾಗುತ್ತಾರೆ. ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಮೊಸರು. ಹಸಿ ಈರುಳ್ಳಿಯನ್ನು ಅಲ್ಲೇ ಹೆಚ್ಚಿಕೊಂಡರಾಯಿತು. ಒಂದು ದಿನಕ್ಕೆ ಒಂದೇ ಊರು, ಹೆಚ್ಚೆಂದರೆ ದಾರಿಯ ಮೇಲಿನ ಇನ್ನೊಂದು. ಒಂದೇ ಹಗಲಿನಲ್ಲಿ ಐದು ಜಾಗ ತೋರಿಸುವ ಪ್ಯಾಕೇಜು ಪ್ರವಾಸಗಳಲ್ಲಿ ನೆನಪಿನಲ್ಲಿ ಉಳಿಯುವುದು ಬಸ್ಸಿನ ಸೀಟು ಮಾತ್ರ.

ತೀರ ಹತ್ತಿರದ್ದು ಪಟಾನ್‌ಚೆರು. ಕೋಠಿಯಿಂದ 218ನೇ ನಂಬರಿನ ಸಿಟಿ ಬಸ್ಸು ಅಲ್ಲಿಗೇ ಹೋಗುತ್ತದೆ. ಇಂದು ಅದು ಕಾರ್ಖಾನೆಗಳ, ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ಊರು. ಕನ್ನಡ ಶಾಸನಗಳಲ್ಲಿ ಬರುವ ಪೊಟ್ಟಳಕೆರೆ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಚಾಲುಕ್ಯ ಇಮ್ಮಡಿ ಜಯಸಿಂಹ ಇಲ್ಲಿಂದ ರಾಜ್ಯವಾಳಿದ. ನೋಡಲು ಈಗ ಹೆಚ್ಚೇನೂ ಉಳಿದಿಲ್ಲ. ಆದರೂ ದಿನವೂ ಕಾಣುವ ಬಸ್ಸಿನ ಬೋರ್ಡು ಒಂದು ಹಳೆಯ ರಾಜಧಾನಿಯ ಹೆಸರೆಂದು ತಿಳಿದ ಮೇಲೆ ಆ ಬಸ್ಸನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಕೊಲನುಪಾಕದ ಬಗ್ಗೆ ತುಸು ನಿಧಾನವಾಗಿ ಹೇಳಬೇಕು. ಹೈದರಾಬಾದಿನಿಂದ ವರಂಗಲ್ ದಾರಿಯಲ್ಲಿ ಸುಮಾರು 80 ಕಿಲೋಮೀಟರ್. ಉಪ್ಪಲ್ ರಿಂಗ್ ರೋಡಿನಲ್ಲಿ ವರಂಗಲ್ ಕಡೆಯ ಬಸ್ಸು ಹತ್ತಿ ಆಲೇರಿನಲ್ಲಿ ಇಳಿದರೆ ಅಲ್ಲಿಂದ ಆಟೊ. ರೈಲಿನಲ್ಲಿ ಹೋಗುವವರಿಗೆ ಸಿಕಂದರಾಬಾದ್-ಕಾಜಿಪೇಟೆ ಮಾರ್ಗದಲ್ಲಿ ಆಲೇರು ಸ್ಟೇಷನ್ ಇದೆ. ಹೋಗುವಾಗ ದಾರಿಯ ಬದಿಗೆ ಭುವನಗಿರಿಯ ಕೋಟೆ ಕಾಣುತ್ತದೆ. ಬಯಲಿನಿಂದ ಒಮ್ಮೆಗೇ ಮೇಲೆದ್ದ ಒಂದೇ ಬಂಡೆ. ಅದರ ನೆತ್ತಿಯ ಮೇಲೆ ಕೋಟೆ. ಆರನೆಯ ವಿಕ್ರಮಾದಿತ್ಯ ಕಟ್ಟಿಸಿದ್ದೆಂದು ಹೇಳಿಕೆ. ಅವನಿಗೆ ತ್ರಿಭುವನಮಲ್ಲ ಎಂಬ ಬಿರುದಿತ್ತು, ಕೋಟೆಗೂ ಆ ಬಿರುದಿನಿಂದಲೇ ಹೆಸರು ಬಂದಿದೆ. 1076ರಲ್ಲಿ ಪಟ್ಟವೇರಿ, ಶಕವರ್ಷವನ್ನು ಬದಿಗಿಟ್ಟು ತನ್ನದೇ ಚಾಲುಕ್ಯ ವಿಕ್ರಮ ವರ್ಷವನ್ನು ನಡೆಸಿ, ಐವತ್ತು ವರ್ಷ ಆಳಿದ ದೊರೆ ಅವನು. ಕಲ್ಯಾಣದಲ್ಲಿ ಕುಳಿತವನ ಕೈ ಇಲ್ಲಿಯವರೆಗೆ ಚಾಚಿತ್ತು ಎಂಬುದನ್ನು ಪುಸ್ತಕದಲ್ಲಿ ಓದುವುದು ಬೇರೆ, ಆ ಬಂಡೆಯ ಮೆಟ್ಟಿಲು ಹತ್ತಿ ನೆತ್ತಿಯಲ್ಲಿ ಗಾಳಿಗೆ ಮುಖವೊಡ್ಡಿ ನಾಲ್ಕೂ ದಿಕ್ಕು ನೋಡುವುದು ಬೇರೆ. ಬಿಸಿಲೇರುವ ಮೊದಲೇ ಹತ್ತಬೇಕು. ಕಲ್ಲು ಕಾದರೆ ಕಾಲಿಡಲಾಗದು. ಮೊಣಕಾಲು ನೋವಿನವರು ಕೆಳಗೇ ಕೂತು ಬುತ್ತಿ ಕಾಯಲಿ, ಅದರಲ್ಲಿ ನಾಚಿಕೆಯೇನಿಲ್ಲ.

ಕೊಲನುಪಾಕ ನಮ್ಮ ಶಾಸನಗಳ ಕೊಲ್ಲಿಪಾಕೆ. ಕೊಲ್ಲಿಪಾಕೆ ಏಳು ಸಾವಿರ ಎಂಬ ದೊಡ್ಡ ನಾಡಿಗೆ ಮುಖ್ಯ ಪಟ್ಟಣ. ಚಾಲುಕ್ಯರಿಗೂ ಚೋಳರಿಗೂ ನಡುವೆ ಇದು ಎಷ್ಟು ಮುಖ್ಯದ ಊರಾಗಿತ್ತೆಂದರೆ, ರಾಜೇಂದ್ರ ಚೋಳನ ತಮಿಳು ಪ್ರಶಸ್ತಿಗಳಲ್ಲಿ ಅವನು ಗೆದ್ದ ನಾಡುಗಳ ಪಟ್ಟಿಯ ಮೊದಲ ಸಾಲಿನ ಹೆಸರುಗಳಲ್ಲಿ ಕೊಲ್ಲಿಪಾಕೆಯೂ ಒಂದು. ಅದರ ಕೋಟೆಗೋಡೆಯನ್ನೂ ಬಣ್ಣಿಸಿದ್ದಾರೆ. ಅಷ್ಟು ದೂರದ ತಂಜಾವೂರಿನವರು ಬಣ್ಣಿಸಿದ ಊರು ಈಗ ಭತ್ತದ ಗದ್ದೆಗಳ ನಡುವೆ ಒಂದು ಹಳ್ಳಿ.

ಅಲ್ಲಿ ಎಲ್ಲರೂ ಹೋಗುವುದು ಜೈನ ಬಸದಿಗೆ. ಮಾಣಿಕ್ಯಸ್ವಾಮಿ ಎಂದು ಕರೆಯುವ ಆದಿನಾಥ, ಹಸಿರು ಕಲ್ಲಿನಲ್ಲಿ ಕಡೆದ ಆಳೆತ್ತರಕ್ಕೆ ಸ್ವಲ್ಪ ಕಡಿಮೆಯ ಮಹಾವೀರ, ನೇಮಿನಾಥ. ಗುಡಿಯನ್ನು ಗುಜರಾತ್, ರಾಜಸ್ಥಾನದ ಶಿಲ್ಪಿಗಳ ಕೈಯಲ್ಲಿ ಹೊಸದಾಗಿ ಕಟ್ಟಿಸಿ ಬಹಳ ಚೊಕ್ಕಟವಾಗಿ ಇಟ್ಟುಕೊಂಡಿದ್ದಾರೆ. ಬಂದವರಲ್ಲಿ ಮುಕ್ಕಾಲು ಪಾಲು ಜನ ಇಷ್ಟು ನೋಡಿ ಹಿಂದಿರುಗುತ್ತಾರೆ. ನೀವು ಹಾಗೆ ಮಾಡಬೇಡಿ. ಊರೊಳಗೆ ಸೋಮೇಶ್ವರನ ಗುಡಿಯಿದೆ. ವೀರಶೈವ ಪರಂಪರೆಯಲ್ಲಿ ಪಂಚಾಚಾರ್ಯರಲ್ಲಿ ಒಬ್ಬರಾದ ರೇಣುಕಾಚಾರ್ಯರು ಉದ್ಭವಿಸಿದ್ದು ಇದೇ ಸೋಮೇಶ್ವರ ಲಿಂಗದಿಂದ ಎಂಬ ನಂಬಿಕೆ. ಬಾಳೆಹೊನ್ನೂರಿನ ರಂಭಾಪುರಿ ಪೀಠದ ಭಕ್ತರಿಗೆ ಇದು ಮೂಲಕ್ಷೇತ್ರ. ಬೀದರ, ಕಲಬುರಗಿ ಕಡೆಯಿಂದ ಬಂದ ಮುದುಕಿಯರು ಅಲ್ಲಿ ವಿಭೂತಿ ಹಚ್ಚಿಕೊಂಡು ಕೂತಿರುವುದನ್ನು ನೋಡಿದರೆ ನಾವು ತೆಲಂಗಾಣದ ಹಳ್ಳಿಯೊಂದರಲ್ಲಿ ಇದ್ದೇವೆ ಎಂಬುದೇ ಮರೆಯುತ್ತದೆ. ಊರಿನಲ್ಲಿ ಬೇರೆ ಬೇರೆ ಕುಲಗಳವರ ಮಠಗಳೂ ಇವೆ. ಇಷ್ಟು ಚಿಕ್ಕ ಊರಿನಲ್ಲಿ ಇಷ್ಟೊಂದು ಕುಲಗಳಿಗೆ ಒಂದೊಂದು ಮಠ ಇರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸೋಮೇಶ್ವರನ ಗುಡಿಯ ಆವರಣದಲ್ಲೇ ವಸ್ತು ಸಂಗ್ರಹಾಲಯವೂ ಇದೆ. ಸುತ್ತಮುತ್ತ ಸಿಕ್ಕ ವಿಗ್ರಹ, ಶಾಸನದ ಕಲ್ಲುಗಳನ್ನು ತಂದು ನಿಲ್ಲಿಸಿದ್ದಾರೆ. ಕನ್ನಡದ ಶಾಸನಗಳೂ ಇವೆ. ಹನ್ನೊಂದು, ಹನ್ನೆರಡನೆಯ ಶತಮಾನದ ಅಕ್ಷರ ದುಂಡಗೆ, ಬಿಡಿಬಿಡಿಯಾಗಿ ಇರುತ್ತದೆ. ಸ್ವಲ್ಪ ಹೊತ್ತು ಕಣ್ಣಿಟ್ಟು ನೋಡಿದರೆ 'ಸ್ವಸ್ತಿ' ಎಂಬುದು ಯಾರಿಗಾದರೂ ಸಿಗುತ್ತದೆ. ಮುಂದೆ 'ಚಾಳುಕ್ಯ' ಎಂಬುದೂ ಸಿಕ್ಕೀತು. ನಮ್ಮ ಜೊತೆ ಬಂದಿದ್ದ ಹುಡುಗಿಯೊಬ್ಬಳು ಶಾಲೆಯಲ್ಲಿ ಓದುವುದು ತೆಲುಗು, ಮನೆಯಲ್ಲಿ ಅಮ್ಮ ಕಲಿಸಿದ ಕನ್ನಡ ಸ್ವಲ್ಪ. ಅವಳು ಆ ಕಲ್ಲಿನ ಮುಂದೆ ಕೂತು, "ಆಂಟಿ, ಈ ಅಕ್ಷರ ನಮ್ಮದೂ ಇದೆ, ಸ್ಕೂಲಿನದೂ ಇದೆ" ಎಂದಳು. ಆಗಿನ್ನೂ ಎರಡು ಲಿಪಿಗಳು ಬೇರೆಯಾಗಿರಲಿಲ್ಲ ಎಂಬುದನ್ನು ನಾವು ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ನನಗೆ ತುಂಬ ನೋವಾಗುವುದು ಹಳೆಯ ಗುಡಿಗಳಲ್ಲಿ ಶಾಸನಗಳ ಮೇಲೆ ಸುಣ್ಣ, ಎಣ್ಣೆಬಣ್ಣ ಬಳಿದಿರುವುದನ್ನು ಕಂಡಾಗ. ಭಕ್ತಿಯಿಂದಲೇ ಮಾಡಿದ್ದು, ಕೆಡಿಸಬೇಕೆಂದು ಯಾರೂ ಮಾಡುವುದಿಲ್ಲ. ಆದರೆ ಒಂಬೈನೂರು, ಸಾವಿರ ವರ್ಷ ಮಳೆ ಬಿಸಿಲು ತಡೆದ ಅಕ್ಷರ ಒಂದು ಡಬ್ಬಿ ಪೇಂಟಿನಿಂದ ಮುಚ್ಚಿಹೋಗುತ್ತದೆ. ಪೂಜಾರಿಗಳಿಗೆ, ಊರ ಹಿರಿಯರಿಗೆ ಕೈಮುಗಿದು ತೆಲುಗಿನಲ್ಲಿ ತಿಳಿಸಿ ಹೇಳಿ. ಅದರಲ್ಲಿ ಅವರ ಊರಿನ ಹೆಸರೇ ಬರೆದಿದೆ ಎಂದು ಓದಿ ತೋರಿಸಿದರೆ ಬಹಳ ಜನ ಕೇಳುತ್ತಾರೆ. ಅರಿಶಿನ, ಸೀಮೆಸುಣ್ಣ ಉಜ್ಜಿ ಓದುವ ಅಭ್ಯಾಸವೂ ನಮ್ಮಲ್ಲಿ ಕೆಲವರಿಗಿದೆ, ಅದನ್ನೂ ಬಿಡಬೇಕು. ಓರೆಯಾಗಿ ಬೆಳಕು ಬೀಳುವ ಬೆಳಗಿನ ಇಲ್ಲವೇ ಇಳಿಹೊತ್ತಿನಲ್ಲಿ ಅಕ್ಷರಗಳು ತಾವೇ ಎದ್ದು ಕಾಣುತ್ತವೆ.

ದಕ್ಷಿಣದ ದಾರಿ ಹಿಡಿದರೆ ಆಲಂಪುರ. ಇದು ದೂರ, 200 ಕಿಲೋಮೀಟರಿಗೂ ಮಿಕ್ಕಿ, ನಸುಕಿನಲ್ಲೇ ಹೊರಡಬೇಕು. ಕಾಚಿಗೂಡದಿಂದ ಕರ್ನೂಲಿನ ಕಡೆಯ ರೈಲು ಗದ್ವಾಲ ದಾಟಿ ಹೋಗುತ್ತದೆ. ಬೆಂಗಳೂರು ಹೆದ್ದಾರಿಯಲ್ಲಿ ಬಸ್ಸಿನಲ್ಲೂ ಹೋಗಬಹುದು. ನಾವು ಹೋದಾಗ ನಮ್ಮ ಓಣಿಯ ಅಜ್ಜ ಒಬ್ಬರು ಜೊತೆಗಿದ್ದರು. ಗದ್ವಾಲ ಸೀಮೆಯವರು, ವಯಸ್ಸು ಎಂಬತ್ತು ದಾಟಿದೆ. ರೈಲು ಕೃಷ್ಣಾ ನದಿಯ ಸೇತುವೆ ದಾಟುತ್ತಿದ್ದಂತೆ ಅವರು ಕಿಟಕಿಯ ಕಡೆ ಸರಿದು ಕೂತರು. "ಅಜ್ಜಾ, ನೀವು ಸಣ್ಣವರಿದ್ದಾಗ ನಿಮ್ಮ ಜಿಲ್ಲಾ ಯಾವುದಿತ್ತು?" ಎಂದು ಕೇಳಿದೆ. "ರಾಯಚೂರಲ್ಲೇನವಾ? ಗದ್ವಾಲ, ಆಲಂಪುರ ಎರಡೂ ರಾಯಚೂರು ಜಿಲ್ಲಾದಾಗ ಇದ್ದವು. ಕಾಗದಾಪತ್ರ ಎಲ್ಲಾ ರಾಯಚೂರಿಗೇ ಹೋಗಬೇಕಿತ್ತು," ಎಂದರು. 1956ರಲ್ಲಿ ಈ ಎರಡು ತಾಲ್ಲೂಕುಗಳು ಮೆಹಬೂಬನಗರ ಜಿಲ್ಲೆಗೆ ಸೇರಿದವು. ಹಾಗೆಯೇ ಗುಲ್ಬರ್ಗಾ ಜಿಲ್ಲೆಯಿಂದ ಕೊಡಂಗಲ್, ತಾಂಡೂರು, ಬೀದರದಿಂದ ಜಹೀರಾಬಾದ್, ನಾರಾಯಣಖೇಡ ಇತ್ತ ಬಂದವು. ಗೆರೆ ಎಳೆದವರಿಗೂ ಬೇರೆ ದಾರಿ ಇರಲಿಲ್ಲವೇನೋ. ಭಾಷೆಗಳು ಅಲ್ಲಿ ಅಷ್ಟು ಬೆರೆತಿದ್ದವು. ಆದರೆ ಗೆರೆಯ ಎರಡೂ ಕಡೆಯ ಬೀಗತನ, ಸಂತೆ, ಜಾತ್ರೆ ಇಂದಿಗೂ ನಡೆದೇ ಇವೆ.

ಆಲಂಪುರದಲ್ಲಿ ಜನ ಹೆಚ್ಚಾಗಿ ಬರುವುದು ಜೋಗುಳಾಂಬೆಯ ದರ್ಶನಕ್ಕೆ. ಅವಳ ಪಕ್ಕದಲ್ಲೇ ನವಬ್ರಹ್ಮ ಗುಡಿಗಳಿವೆ. ತಾರಕ, ಸ್ವರ್ಗ, ಪದ್ಮ, ಬಾಲ, ಗರುಡ, ಕುಮಾರ, ಅರ್ಕ, ವೀರ, ವಿಶ್ವ. ಹೆಸರು ಬ್ರಹ್ಮನದು, ಒಳಗಿರುವುದೆಲ್ಲ ಶಿವಲಿಂಗ. ಏಳು, ಎಂಟನೆಯ ಶತಮಾನಗಳಲ್ಲಿ ಬಾದಾಮಿ ಚಾಲುಕ್ಯರ ಕಾಲದಲ್ಲಿ ಕಟ್ಟಿದವು. ಪಟ್ಟದಕಲ್ಲಿನ ಗಳಗನಾಥ, ಪಾಪನಾಥ ಗುಡಿಗಳನ್ನು ಕಂಡವರು ಇಲ್ಲಿಗೆ ಬಂದರೆ ಅದೇ ಬಾಗಿದ ಶಿಖರ, ಅದೇ ಕಿಟಕಿಯ ಜಾಲಂಧ್ರ, ಅದೇ ಗಂಧರ್ವ ಜೋಡಿಗಳು ಎದುರಾಗುತ್ತವೆ. ತುಂಗಭದ್ರೆ ಗುಡಿಗಳ ಮಗ್ಗುಲಲ್ಲೇ ಹರಿಯುತ್ತದೆ. ಶ್ರೀಶೈಲದ ಅಣೆಕಟ್ಟಿನ ಹಿನ್ನೀರು ಊರನ್ನೇ ನುಂಗುವ ಸ್ಥಿತಿ ಬಂದಾಗ ಇಲ್ಲಿ ತಡೆಗೋಡೆ ಕಟ್ಟಿದರು. ಕೃಷ್ಣಾ ತುಂಗಭದ್ರೆಯರ ಕೂಡಲಿಯಲ್ಲಿದ್ದ ಸಂಗಮೇಶ್ವರನ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಆಲಂಪುರದಲ್ಲಿ ಮತ್ತೆ ಕಟ್ಟಿದರು. ಕಲ್ಲಿಗೆ ಕಲ್ಲು ಎಷ್ಟು ಸರಿಯಾಗಿ ಕೂತಿದೆ ಎಂದು ಬೆರಳಾಡಿಸಿ ನೋಡಬೇಕು. ಅದನ್ನು ಬಿಚ್ಚಿ ಕಟ್ಟಿದ ಎಂಜಿನಿಯರುಗಳ, ಕೂಲಿಕಾರರ ಕೆಲಸ ಮೊದಲು ಕಟ್ಟಿದವರ ಕೆಲಸಕ್ಕೆ ಕಡಿಮೆಯದಲ್ಲ.

ಪಶ್ಚಿಮದ ದಾರಿ ನಿಮಗೆಲ್ಲ ಗೊತ್ತಿರುವುದೇ. ಜಹೀರಾಬಾದಿನ ಹತ್ತಿರ ಝರಾಸಂಗಮದ ಕೇತಕಿ ಸಂಗಮೇಶ್ವರ, ಅಲ್ಲಿ ಗುಡಿಯ ಸುತ್ತ ಹಲವು ಭಾಷೆಗಳು ಕೇಳಿಸುತ್ತವೆ. ಮುಂದೆ ಬೀದರ. ಅಲ್ಲಿ 1472ರಲ್ಲಿ ಮುಗಿದ ಮಹಮೂದ ಗವಾನನ ಮದರಸಾ, ಕೋಟೆ, ಅಷ್ಟೂರಿನ ಗುಮ್ಮಟಗಳು, ನಾನಕ್ ಝೀರಾದ ಸಿಹಿನೀರು. ಬೀದರ ನಮ್ಮೂರೇ ಆದ್ದರಿಂದ ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಮಾತು ಮಾತ್ರ: ಮಕ್ಕಳನ್ನು ಬಿದರಿ ಕೆಲಸದವರ ಅಂಗಡಿಗೆ ಕರೆದೊಯ್ಯುವಾಗ ಮಾರುವ ಕೋಣೆಯಲ್ಲೇ ನಿಲ್ಲಿಸಬೇಡಿ, ಹಿಂದಿನ ಕೆಲಸದ ಮನೆಗೆ ಕರೆದೊಯ್ಯಿರಿ. ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಕೋಟೆಯ ಒಳಗಿನ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಕುದಿಸಿದ ನೀರಿನಲ್ಲಿ ಅದ್ದಿದಾಗ ಲೋಹ ಕಪ್ಪಗಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕೆಲಸಗಾರ ಆ ಮಣ್ಣನ್ನು ನಾಲಿಗೆಯ ತುದಿಗೆ ಇಟ್ಟು ರುಚಿ ನೋಡಿಯೇ ಆರಿಸುತ್ತಾನೆ. ಇದನ್ನು ಒಮ್ಮೆ ಕಂಡ ಮಗು ಮರೆಯುವುದಿಲ್ಲ.

ಇಷ್ಟು ಹೇಳಿ ಈಗ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ದಾರಿಗೆ ಬರುತ್ತೇನೆ. ಅದು ಉತ್ತರದ್ದು, ವೇಮುಲವಾಡದ್ದು.

ಸುಲ್ತಾನ್ ಬಜಾರಿನಲ್ಲಿ ಮೆಟ್ರೊ ಹತ್ತಿದರೆ ಒಂದೇ ಗಾಡಿಯಲ್ಲಿ ಜೂಬಿಲಿ ಬಸ್ ನಿಲ್ದಾಣ. ಅಲ್ಲಿಂದ ವೇಮುಲವಾಡಕ್ಕೆ ಬಸ್ಸುಗಳಿಗೆ ಕೊರತೆಯಿಲ್ಲ. ಸುಮಾರು 150 ಕಿಲೋಮೀಟರ್. ತೆಲಂಗಾಣದ ಹಳ್ಳಿಗರಿಗೆ ಇದು ರಾಜನ್ನನ ಊರು. ರಾಜರಾಜೇಶ್ವರನಿಗೆ ಹರಕೆ ಹೊತ್ತವರು ಹೋರಿಯನ್ನು ಹಿಡಿದು ಗುಡಿ ಸುತ್ತುತ್ತಾರೆ. 'ಕೋಡೆ ಮೊಕ್ಕು' ಎಂದು ಅದರ ಹೆಸರು. ಗುಡಿಯ ಆವರಣದೊಳಗೇ ಒಂದು ದರ್ಗಾ ಇದೆ, ಹರಕೆಯವರು ಅಲ್ಲಿಗೂ ಕೈಮುಗಿದು ಹೋಗುತ್ತಾರೆ. ಈ ಗದ್ದಲದ ನಡುವೆ ನಾವು ಹುಡುಕುವುದು ಹತ್ತನೆಯ ಶತಮಾನದ ಲೆಂಬುಳವಾಡವನ್ನು, ರಾಷ್ಟ್ರಕೂಟರ ಸಾಮಂತರಾಗಿದ್ದ ಚಾಲುಕ್ಯರ ರಾಜಧಾನಿಯನ್ನು. ಆ ವಂಶದಲ್ಲಿ ಬದ್ದೆಗನೆಂಬವನಿದ್ದ. 42 ಕಾಳಗ ಗೆದ್ದು 'ಸೋಲದಗಂಡ' ಎನಿಸಿಕೊಂಡವನು. ಅವನ ವಂಶದ ಇಮ್ಮಡಿ ಅರಿಕೇಸರಿಯ ಆಸ್ಥಾನದಲ್ಲಿ ಪಂಪನಿದ್ದ. 941ರಲ್ಲಿ ಆದಿಪುರಾಣ, ಆಮೇಲೆ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಮಾಡಿ ವಿಕ್ರಮಾರ್ಜುನ ವಿಜಯ. ಒಂದನ್ನು ಮೂರು ತಿಂಗಳಲ್ಲಿ, ಇನ್ನೊಂದನ್ನು ಆರು ತಿಂಗಳಲ್ಲಿ ಮುಗಿಸಿದೆನೆಂದು ಕವಿಯೇ ಹೇಳಿಕೊಂಡಿದ್ದಾನೆ. ಅರಸ ಮೆಚ್ಚಿ ಧರ್ಮವುರವೆಂಬ ಅಗ್ರಹಾರ ಕೊಟ್ಟ. ಕನ್ನಡ ಎಂ.ಎ. ಓದಿದವರಿಗೆ ಇದೆಲ್ಲ ಬಾಯಿಪಾಠ. ಆದರೆ ಪಂಪ ನಡೆದಾಡಿದ ಊರು ಹೈದರಾಬಾದಿನಿಂದ ಮೂರೂವರೆ ನಾಲ್ಕು ತಾಸಿನ ದಾರಿಯಲ್ಲಿದೆ ಎಂದರೆ ಅವರಲ್ಲೂ ಅನೇಕರು ಅಚ್ಚರಿಪಡುತ್ತಾರೆ.

ವೇಮುಲವಾಡದಿಂದ ನಾಲ್ಕೈದು ಮನೆಯವರು ಸೇರಿ ಒಂದು ಬಾಡಿಗೆ ಗಾಡಿ ಮಾಡಿಕೊಂಡರೆ ಗಂಗಾಧರದ ಹತ್ತಿರದ ಕುರಿಕ್ಯಾಲಕ್ಕೆ ಒಂದು ತಾಸಿನೊಳಗೆ ಹೋಗಬಹುದು. ಸೋಮದೇವಸೂರಿ ತನ್ನ ಸಂಸ್ಕೃತದ ಯಶಸ್ತಿಲಕ ಚಂಪುವನ್ನು 959ರಲ್ಲಿ ಮುಗಿಸಿದ್ದು ಈ ಗಂಗಾಧರದಲ್ಲೇ. ಕುರಿಕ್ಯಾಲದ ಹೊರಗೆ ಬೊಮ್ಮಲಗುಟ್ಟ ಎಂಬ ಬಂಡೆಗುಡ್ಡವಿದೆ. ಅದರ ಮೇಲೆ ಬಂಡೆಯ ಮೈಯಲ್ಲಿ ಚಕ್ರೇಶ್ವರಿ ಯಕ್ಷಿ, ಅಕ್ಕಪಕ್ಕ ತೀರ್ಥಂಕರರು, ಕೆಳಗೆ ಶಾಸನ. ಬರೆಸಿದವನು ಜಿನವಲ್ಲಭ, ಪಂಪನ ತಮ್ಮ.

ಪಂಪನ ಮನೆಯ ವಿಷಯ ನಮಗೆ ಖಚಿತವಾಗಿ ತಿಳಿದದ್ದು ಈ ಬಂಡೆಯಿಂದ. ತಂದೆ ಭೀಮಪಯ್ಯ, ಅವರ ಮೂಲ ವೆಂಗಿನಾಡಿನ ಕಡೆಯ ವಂಗಿಪರ್ರು. ತಾಯಿ ಅಬ್ಬಣಬ್ಬೆ, ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ತಂದೆಯ ಕಡೆ ಇಂದಿನ ಆಂಧ್ರ, ತಾಯಿಯ ಕಡೆ ಇಂದಿನ ಧಾರವಾಡ ಜಿಲ್ಲೆ, ಬದುಕಿದ್ದು ಇಂದಿನ ತೆಲಂಗಾಣದಲ್ಲಿ, ಬರೆದದ್ದು ಕನ್ನಡದಲ್ಲಿ. ಕಾಚಿಗೂಡ, ಕೋಠಿಯ ಎಷ್ಟು ಮನೆಗಳ ಕಥೆ ಹೀಗೇ ಇದೆ! ನನ್ನ ಗೆಳತಿಯೊಬ್ಬಳ ಗಂಡನ ಮನೆಮಾತು ತೆಲುಗು, ಅವಳದು ಕನ್ನಡ, ಮಕ್ಕಳು ಬೀದಿಯಲ್ಲಿ ಆಡುವುದು ಹೈದರಾಬಾದಿ ಉರ್ದು. ಇಂಥ ಮನೆಯಲ್ಲಿ ಬೆಳೆದ ಮಗುವಿಗೆ ಭಾಷೆ ಕೆಟ್ಟುಹೋಗುತ್ತದೆ ಎಂದು ಬಂಧುಗಳು ಅವಳ ಮುಂದೆ ಅನ್ನುತ್ತಿರುತ್ತಾರೆ. ಆ ಗುಡ್ಡದ ಮೇಲೆ ಶಾಸನದ ಸಾರಾಂಶ ಓದಿ ಕೇಳಿಸಿದಾಗ ಅವಳು ಏನೂ ಅನ್ನಲಿಲ್ಲ, ಮಗನನ್ನು ಹತ್ತಿರ ಕರೆದು ಇನ್ನೊಮ್ಮೆ ಓದಲು ಹೇಳಿದಳು.

ಶಾಸನ ಮೂರು ಭಾಷೆಗಳಲ್ಲಿದೆ: ಸಂಸ್ಕೃತ, ಕನ್ನಡ, ತೆಲುಗು. ತೆಲುಗಿನ ಭಾಗ ಕಂದ ಪದ್ಯಗಳಲ್ಲಿದೆ. ತೆಲುಗಿನ ಆದಿಕವಿ ನನ್ನಯ್ಯನಿಗಿಂತ ಸುಮಾರು ನೂರು ವರ್ಷ ಹಿಂದಿನವು ಆದ್ದರಿಂದ ತೆಲುಗಿನ ವಿದ್ವಾಂಸರಿಗೆ ಈ ಬಂಡೆ ಎಂದರೆ ಪ್ರಾಣ. ತಮ್ಮ ಭಾಷೆಯ ಪ್ರಾಚೀನತೆಗೆ ಅವರು ಮುಂದಿಟ್ಟ ಸಾಕ್ಷಿಗಳಲ್ಲಿ ಇದೂ ಒಂದು. 2008ರಲ್ಲಿ ಕನ್ನಡ, ತೆಲುಗು ಎರಡಕ್ಕೂ ಶಾಸ್ತ್ರೀಯ ಭಾಷೆಯ ಸ್ಥಾನ ಒಟ್ಟಿಗೇ ಬಂತು. ಕನ್ನಡದ ಆದಿಕವಿಯ ತಮ್ಮ ತೆಲುಗಿನ ಮೊದಮೊದಲ ಪದ್ಯಗಳನ್ನು ಕಲ್ಲಿಗೇರಿಸಿದ. ಯಾವ ಭಾಷೆ ದೊಡ್ಡದು ಎಂದು ವಾದ ಮಾಡುವವರನ್ನು ಕಂಡಾಗಲೆಲ್ಲ ಅವರನ್ನು ಒಮ್ಮೆ ಈ ಗುಡ್ಡಕ್ಕೆ ಕರೆದುಕೊಂಡು ಬರಬೇಕು ಅನ್ನಿಸುತ್ತದೆ.

ನನಗೆ ಅದರಲ್ಲಿ ಬಹಳ ಇಷ್ಟವಾದದ್ದು ಇನ್ನೊಂದು ಸಂಗತಿ. ಜಿನವಲ್ಲಭ ಇಲ್ಲಿ ತ್ರಿಭುವನತಿಲಕ ಎಂಬ ಬಸದಿ ಮಾಡಿಸಿದ, ಮದನವಿಲಾಸ ಎಂಬ ತೋಟ ಹಾಕಿಸಿದ, ಒಂದು ಕೆರೆ ಕಟ್ಟಿಸಿದ. ಕೆರೆಗೆ ಕವಿತಾಗುಣಾರ್ಣವ ಎಂದು ಹೆಸರಿಟ್ಟ. ಅದು ಅಣ್ಣನ ಬಿರುದು. ಅರಸರು ಕೆರೆಗಳಿಗೆ ತಮ್ಮ ಹೆಸರಿಡುತ್ತಿದ್ದ ಕಾಲದಲ್ಲಿ ತಮ್ಮನೊಬ್ಬ ಕೆರೆಗೆ ಕವಿಯಾದ ಅಣ್ಣನ ಹೆಸರಿಟ್ಟ. ಗುಡ್ಡದ ಮೇಲಿಂದ ಕೆಳಗೆ ಗದ್ದೆ, ನೀರು, ತಾಳೆಮರ ಕಾಣುತ್ತವೆ. ಆ ಕೆರೆ ಯಾವುದಿತ್ತು ಎಂದು ನಮ್ಮ ಮಕ್ಕಳು ಕೈ ತೋರಿಸಿ ತೋರಿಸಿ ವಾದ ಹೂಡಿದರು. ಕರೀಂನಗರದ ಈ ಸೀಮೆಯಲ್ಲಿ ಗ್ರಾನೈಟ್ ಗಣಿಗಾರಿಕೆ ಜೋರಾಗಿದೆ, ಎಷ್ಟೋ ಗುಡ್ಡಗಳು ಕಣ್ಣೆದುರೇ ಕರಗಿವೆ. ಬೊಮ್ಮಲಗುಟ್ಟ ಉಳಿಯಬೇಕಾದರೆ ಅದನ್ನು ನೋಡಲು ಜನ ಬರುತ್ತಿರಬೇಕು. ಯಾರೂ ಬಾರದ ಗುಡ್ಡದ ಪರವಾಗಿ ಮಾತಾಡುವವರೂ ಇರುವುದಿಲ್ಲ. ಕರ್ನಾಟಕದಿಂದ ಬರುವವರಿಗೆ ಇದು ದೂರದ ಪ್ರಯಾಣ. ಹೈದರಾಬಾದಿನ ಕನ್ನಡಿಗರಾದ ನಮಗೆ ಹಾಗೆ ಹೇಳಿ ತಪ್ಪಿಸಿಕೊಳ್ಳುವ ಅವಕಾಶವಿಲ್ಲ.

ಹೋಗುವವರಿಗೆ ಒಂದೆರಡು ಮಾತು. ದೀಪಾವಳಿ ಕಳೆದ ಮೇಲೆ ಶಿವರಾತ್ರಿಯ ಒಳಗೆ ಹೋಗಿ. ಆದರೆ ಶಿವರಾತ್ರಿಯ ದಿನವೇ ವೇಮುಲವಾಡಕ್ಕೆ ಬೇಡ, ಜಾತ್ರೆಯ ಜನದಲ್ಲಿ ಕಾಲಿಡಲು ಜಾಗವಿರದು. ಸೋಮವಾರವೂ ದಟ್ಟಣೆಯೇ. ಗುಡ್ಡದ ಬುಡದಲ್ಲಿ ಅಂಗಡಿಗಳನ್ನು ನೆಚ್ಚಿಕೊಳ್ಳಬೇಡಿ, ಕುಡಿಯುವ ನೀರು ವೇಮುಲವಾಡದಲ್ಲೇ ತುಂಬಿಕೊಳ್ಳಿ. ಬಂಡೆ ಹತ್ತಲು ಹಿಡಿತವಿರುವ ಚಪ್ಪಲಿ ಬೇಕು, ಹಿರಿಯರ ಜೊತೆ ಒಬ್ಬರು ಇರಬೇಕು. ಶಾಸನದ ಮುದ್ರಿತ ಪಾಠ ಪುಸ್ತಕಗಳಲ್ಲಿ ಸಿಗುತ್ತದೆ, ಅದರ ನಕಲು ಮಾಡಿಸಿಕೊಂಡು ಹೋಗಿ. ಅದಿಲ್ಲದೆ ಬರಿಯ ಕಣ್ಣಿಗೆ ಹತ್ತನೆಯ ಶತಮಾನದ ಅಕ್ಷರ ಪೂರ್ತಿ ದಕ್ಕುವುದಿಲ್ಲ. ಕನ್ನಡದ ಭಾಗವನ್ನು ಒಬ್ಬರು, ತೆಲುಗಿನ ಭಾಗವನ್ನು ಒಬ್ಬರು ಗಟ್ಟಿಯಾಗಿ ಓದಿ. ನಾಲ್ಕು ಗಂಟೆಗೆ ಇಳಿಯಲು ತೊಡಗಿದರೆ ಕರೀಂನಗರಕ್ಕೆ ಹೋಗಿ ಹೈದರಾಬಾದಿನ ಬಸ್ಸು ಹಿಡಿಯಬಹುದು. ಮೆಟ್ರೊ ನಿಲ್ಲುವ ಮೊದಲು ಜೂಬಿಲಿ ನಿಲ್ದಾಣ ತಲುಪಿದರೆ ಅಲ್ಲಿಂದ ಸುಲ್ತಾನ್ ಬಜಾರಿಗೆ ಇಪ್ಪತ್ತೇ ನಿಮಿಷ.

ಹೋಗಿ ಬನ್ನಿ.